ಓದದೆ ಹಾಕಿಸಿದ ಮತ

ಬೆಂಗಳೂರಿನಲ್ಲಿರುವ ನನ್ನ ಕಿರಿಯ ಮಗನು ಅಂತರ್ಜಾಲದಲ್ಲಿ ಇಂಗ್ಲಿಷ್ ಲೇಖನಗಳನ್ನು ಬರೆಯುತ್ತಾನೆ. ಏಷ್ಯಾದ ಇಂಗ್ಲಿಷ್ ಬ್ಲಾಗ್ ಲೇಖಕರಿಗೆ ಕೊಡುವ ಪ್ರಶಸ್ತಿಯೊಂದರ ಅಂತಿಮ ಪಟ್ಟಿಯಲ್ಲಿ ತನ್ನ ಹೆಸರಿದೆಯೆಂದೂ, ಮತದಿಂದಲೇ ನಿರ್ಣಯವಾಗುವುದೆಂದೂ, ಎದುರಾಳಿ ತನ್ನ ಹಳೆಯ ಸಹಪಾಠಿಯೆಂದೂ ಕಳೆದ ವರ್ಷ ತಿಳಿಸಿದನು. ನಾನು ಕಡೇಚೂರಿನ ಅಂಗಡಿಯ ಗಾದಿಯ ಮೇಲೆ ಕುಳಿತೇ ಬಂಧುಗಳಿಗೆ, ತೊಗರಿಯ ದಲಾಲರಿಗೆ, ಬಸದಿಯ ಪರಿಚಿತರಿಗೆ, ಒಟ್ಟು 53 ಮಂದಿಗೆ ಮತ ನೀಡಲು ಸಂದೇಶ ಕಳುಹಿಸಿದೆನು. ಅವರಲ್ಲಿ ಬಹುಮಂದಿಗೆ ಇಂಗ್ಲಿಷ್ ಬಾರದು. ಆ ಲೇಖನವನ್ನು ನಾನೂ ಓದಿರಲಿಲ್ಲ! ಸರಕನ್ನು ಅಂಗೈಯಲ್ಲಿ ಹಿಡಿದು ನೋಡದೆ ಒಂದು ಚೀಲ ತೊಗರಿಯನ್ನೂ ಕೊಂಡವನಲ್ಲ ನಾನು.

ಭಾರತೀಯ ಬ್ಲಾಗುಗಳಿಗೆ ಓದುಗರ ಮತದಿಂದ ಪುರಸ್ಕಾರ ಕೊಡುತ್ತಿದ್ದ ಇಂಡಿಬ್ಲಾಗೀಸ್ 2003ರಲ್ಲಿಯೇ ಆರಂಭವಾಗಿತ್ತು. ಬಿರುದಿನ ಆಸೆಯಾದರೋ ಸಾವಿರ ವರ್ಷಕ್ಕೂ ಹಳೆಯದು. ನಮ್ಮ ಸೀಮೆಗೆ ದೂರವಲ್ಲದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ ಮೂರನೆಯ ಕೃಷ್ಣನು ಪೊನ್ನನಿಗೆ ಉಭಯಕವಿಚಕ್ರವರ್ತಿ ಎಂಬ ಬಿರುದನ್ನಿತ್ತನು. ಪೊನ್ನನಾದರೂ ತಾನು ಕನ್ನಡದಲ್ಲಿ ಅಸಗನಿಗಿಂತ ನೂರು ಪಾಲು, ಸಂಸ್ಕೃತದಲ್ಲಿ ಕಾಳಿದಾಸನಿಗಿಂತ ನಾಲ್ಕು ಪಾಲು ಮೇಲೆಂದು ಹೇಳಿಕೊಂಡನು. ಅಸಗನ ಸಂಸ್ಕೃತ ವರ್ಧಮಾನಚರಿತವು ಉಳಿದಿದೆ. ಅವನ ಕನ್ನಡ ಕಾವ್ಯ ಮಾತ್ರ ನಮಗೆ ದೊರೆತಿಲ್ಲ. ತೂಕದ ಕಲ್ಲೇ ಕಳೆದುಹೋದ ಮೇಲೆ ತಕ್ಕಡಿ ಏನು ಹೇಳೀತು?

ಪೊನ್ನನ ಶಾಂತಿಪುರಾಣಕ್ಕೆ ನಿಜವಾದ ಉಪಕಾರ ಮಾಡಿದವಳು ಅತ್ತಿಮಬ್ಬೆ. ಒಂದೊಂದು ಪ್ರತಿಯನ್ನೂ ಕೈಯಿಂದ ಬರೆಯಿಸಬೇಕಾಗಿದ್ದ ಕಾಲದಲ್ಲಿ ಆ ಮಹಾಶ್ರಾವಿಕೆಯು ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ನಾನು ಹಂಚಿದ್ದು ಮತದ ಕೋರಿಕೆಯನ್ನು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಪೂಜೆಯ ಮದವೂ ಒಂದು. ಎಂದರೆ ಪರರಿಂದ ಮನ್ನಣೆ ಪಡೆದುದರ ಗರ್ವ. ಸ್ವಾಧ್ಯಾಯದಲ್ಲಿ ಇದನ್ನು ಇತರರಿಗೆ ಎಷ್ಟೋ ಬಾರಿ ವಿವರಿಸಿದ್ದೇನೆ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಆಸ್ರವಕ್ಕೆ ಕಾರಣವೆಂದೂ ಹೇಳಿದ್ದೇನೆ. ಆ 53 ಸಂದೇಶಗಳನ್ನು ಯಾವ ಖಾತೆಗೆ ಬರೆಯಬೇಕೆಂದು ನನಗೆ ಸಂದೇಹವೇನೂ ಉಳಿಯಲಿಲ್ಲ.

ಪ್ರಶಸ್ತಿಯು ಸಹಪಾಠಿಗೇ ಸಂದಿತು. ಅವನು ಮತಗಳನ್ನು ಕೊಂಡನೆಂದು ಮಗನು ಆರೋಪಿಸಿ ಮಾತು ಬಿಟ್ಟನು. ನಮ್ಮ ಮತಗಳು ಹೇಗೆ ಬಂದವೆಂಬುದು ಗೊತ್ತಿದ್ದ ನಾನು ಸುಮ್ಮನಿದ್ದೆನು. ಆಮೇಲೆ ಇಬ್ಬರ ಲೇಖನಗಳನ್ನೂ ಮುದ್ರಿಸಿ ತರಿಸಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಸಂಜೆ ಓದಿದೆನು. ಸಹಪಾಠಿಯದು ತನ್ನ ಊರಿನ ಬತ್ತಿದ ಕೆರೆಯನ್ನು ಕುರಿತದ್ದು. ಮಗನದಕ್ಕಿಂತ ಅದು ಚೆನ್ನಾಗಿದೆ. ಪರ್ಯೂಷಣದ ಕ್ಷಮಾವಣಿಯಂದು ಮಗನಿಗೆ ದೂರವಾಣಿ ಮಾಡಿದಾಗಲೂ ಈ ಮಾತನ್ನು ಹೇಳಲು ನನ್ನಿಂದಾಗಲಿಲ್ಲ. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ.