ಕಾಸಿಗೆ ತಕ್ಕ ಕಾಶಿ

ಯಾತ್ರೆಯ ಅರ್ಧ ಪುಣ್ಯ ಮನೆ ಬಿಡುವುದಕ್ಕೆ ಮೊದಲೇ ಬಂದಿರುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ದೇವರ ಮುಂದೆ ನಿಲ್ಲಲು ಸಿಗುವುದು ಅರೆಗಳಿಗೆ. ತಿರುಮಲೆಯಲ್ಲಾದರೆ ಕೈ ಮುಗಿಯುವಷ್ಟರಲ್ಲಿ ‘ಜರಗಂಡಿ’ ಎಂದು ಮುಂದಕ್ಕೆ ಸಾಗಿಸಿಬಿಡುತ್ತಾರೆ. ಆ ಅರೆಗಳಿಗೆಯನ್ನು ತಲುಪುವ ದಾರಿಯನ್ನು ಕಾಗದದ ಮೇಲೆ ಹಾಕುವ ಸುಖಕ್ಕೆ ಮಾತ್ರ ಯಾರೂ ಅಡ್ಡ ಬರುವುದಿಲ್ಲ. ರಾತ್ರಿ ಅಡುಗೆಕಟ್ಟೆ ಒರೆಸಿ, ಹಾಲಿಗೆ ಹೆಪ್ಪು ಹಾಕಿ, ಚೆನ್ನೈನ ತಿರುವಲ್ಲಿಕ್ಕೇಣಿಯ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಸಾಮಾನು ಹರಡಿಕೊಂಡು ಕೂರುತ್ತೇನೆ. ರಟ್ಟಿನ ಮೇಲೆ ಹಾವಿನ ಚಿತ್ರವಿರುವ ಇಲ್ಲಿಯ ಪಾಂಬು ಪಂಚಾಂಗ, ತವರಿನಿಂದ ಯುಗಾದಿಗೆ ಬರುವ ಒಂಟಿಕೊಪ್ಪಲ್ ಪಂಚಾಂಗ, ರೈಲಿನ ವೇಳೆ ತೋರಿಸುವ ಮೊಬೈಲು, ಹಳೆಯ ಡೈರಿಯೊಂದರ ಖಾಲಿ ಹಾಳೆಗಳು. ನಮ್ಮವರು ಒಮ್ಮೆ ಬಗ್ಗಿ ನೋಡಿ, “ರೈಲ್ವೇನವರು ನಿನ್ನ ಕರ್ಕೊಂಡಿದ್ರೆ ಉದ್ಧಾರ ಆಗೋರು ಕಣೇ” ಎಂದು ಮಲಗಲು ಹೋಗುತ್ತಾರೆ.

ನಮ್ಮದು ಒಬ್ಬರ ಸಂಬಳದ ಮನೆ. ಯಾತ್ರೆಗೆ ತೆಗೆದಿಟ್ಟ ದುಡ್ಡೆಲ್ಲ ಒಂದು ಸಾಸಿವೆ ಡಬ್ಬಿಯಲ್ಲಿ ಹಿಡಿಸುತ್ತದೆ. ದೇವರ ಗೂಡಿನಲ್ಲಿ ಹಳದಿ ಬಟ್ಟೆಯ ಮುಡಿಪೊಂದು ಇದೆಯಾದರೂ ಅದು ತಿಮ್ಮಪ್ಪನದು. ಅದರ ಕಡೆ ನನ್ನ ಕಣ್ಣು ಹೋದರೂ ಸಾಕು, ನಮ್ಮತ್ತೆಗೆ ಹೇಗೋ ತಿಳಿಯುತ್ತದೆ. “ಅವನ ದುಡ್ಡಲ್ಲೇ ಅವನ ಹತ್ರ ಹೋಗ್ತೀಯೇನೇ?” ಎನ್ನುತ್ತಾರೆ. ಹಾಗಾಗಿ ಡಬ್ಬಿಯಲ್ಲಿದ್ದಷ್ಟಕ್ಕೇ ಕ್ಷೇತ್ರ. ನನಗೆ ಇದರಲ್ಲಿ ಕೊರಗಿಲ್ಲ. ದುಡ್ಡಿರುವವರು ಕಾರಿಗೊಂದು, ರೂಮಿಗೊಂದು, ವಿಶೇಷ ದರ್ಶನಕ್ಕೊಂದು ಫೋನು ಮಾಡಿ ಯಾತ್ರೆಯ ತಯಾರಿ ಮುಗಿಸುತ್ತಾರೆ. ಪಾಪ, ಯೋಚಿಸುವುದಕ್ಕೆ ಅವರಿಗೆ ಏನು ಉಳಿಯಿತು?

ಎರಡು ಪಂಚಾಂಗ ಯಾಕೆ ಎಂದು ಕೇಳುವವರಿದ್ದಾರೆ. ಅದರಲ್ಲೇ ಇರುವುದು ಗುಟ್ಟು. ತಮಿಳರಿಗೆ ಪೆರುಮಾಳ್ ದರ್ಶನಕ್ಕೆ ಪುರಟಾಸಿ ತಿಂಗಳ ಶನಿವಾರಗಳು ಶ್ರೇಷ್ಠ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ. ಆಗ ಇಲ್ಲಿಯ ಯಾವ ವಿಷ್ಣು ಗುಡಿಯಲ್ಲೂ ಕಾಲಿಡಲು ಜಾಗವಿಲ್ಲ. ನಮಗೋ ಶ್ರಾವಣ ಶನಿವಾರವೇ ಶನಿವಾರ, ಅದು ಪುರಟಾಸಿಗೆ ಮುಂಚೆಯೇ ಬಂದು ಹೋಗುತ್ತದೆ. ನಮಗೆ ಪರ್ವದಿನವಾಗಿದ್ದು ಊರಿಗೆ ಬರೀ ಶನಿವಾರವಾಗಿರುವ ಇಂಥ ದಿನವನ್ನು ಹುಡುಕಿ ತೆಗೆದೆನೆಂದರೆ ವಿಶೇಷ ದರ್ಶನದ ಚೀಟಿಯ ದುಡ್ಡು ಡಬ್ಬಿಯಲ್ಲೇ ಉಳಿಯಿತು. ಪುಣ್ಯಕ್ಕೇನೂ ಕಡಿಮೆಯಾಗಲಿಲ್ಲ. ತವರು ಬಿಟ್ಟು ಬಂದವರಿಗೆ ದೇವರು ಕೊಟ್ಟ ರಿಯಾಯಿತಿ ಇದು. ಪರವೂರಿನಲ್ಲಿರುವ ಕನ್ನಡಿಗರು ಇದನ್ನು ಯಾಕೆ ಹೆಚ್ಚು ಬಳಸಿಕೊಳ್ಳುವುದಿಲ್ಲವೋ ನಾ ಕಾಣೆ. ಮಿಕ್ಕ ಯಾತ್ರೆಗಳಿಗಾದರೆ ಪ್ರದೋಷ, ಕೃತ್ತಿಕೆ, ಹುಣ್ಣಿಮೆ, ಮದುವೆಯ ಲಗ್ನ, ಶಾಲೆಗೆ ಸಾಲು ರಜೆ, ಇವನ್ನೆಲ್ಲ ಕೆಂಪು ಪೆನ್ಸಿಲಿನಲ್ಲಿ ಹೊಡೆದು ಹಾಕಿದ ಮೇಲೆ ಉಳಿಯುವ ಬಡಪಾಯಿ ಮಂಗಳವಾರವೋ ಬುಧವಾರವೋ ನನ್ನದು.

ದೂರದ ಊರಾದರೆ ಟಿಕೆಟ್ಟಿನ ಚಿಂತೆ. ಮೊದಲೆಲ್ಲ 120 ದಿನ ಮುಂಚೆ ಸೀಟು ಕಾಯ್ದಿರಿಸಬಹುದಿತ್ತು, 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿಯಿತು. ನನ್ನಂಥವಳಿಗೆ ಎರಡು ತಿಂಗಳ ಸಂತೋಷ ಖೋತಾ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು. ಅದಕ್ಕೆ ಮುಂಚೆ 58 ತುಂಬಿದ ಹೆಂಗಸರಿಗೆ ಅರ್ಧ ಟಿಕೆಟ್ಟು, 60 ತುಂಬಿದ ಗಂಡಸರಿಗೆ ನೂರಕ್ಕೆ 40 ಕಡಿತ. ಅತ್ತೆ ಈಗಲೂ “ನನ್ನದು ಅರ್ಧ ತಾನೇ?” ಎಂದು ಕೇಳುತ್ತಾರೆ. ಹೌದತ್ತೆ ಎನ್ನುತ್ತೇನೆ. ಪೂರ್ತಿ ಎಂದು ಹೇಳಿದರೆ ಅವರು ಬರುವುದಿಲ್ಲ. ಉಳಿದರ್ಧ ತರಕಾರಿ ದುಡ್ಡಿನಲ್ಲಿ ಸರಿಹೋಗುತ್ತದೆ.

ಆದರೆ ನನ್ನ ಕೈಚಳಕ ನೋಡಬೇಕೆಂದರೆ ಕಾಂಚಿಯನ್ನು ನೋಡಬೇಕು. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರುವ ಕ್ಷೇತ್ರ, ರೂಮಿನ ಬಾಡಿಗೆಯಿಲ್ಲ. ಕಾರಿನಲ್ಲಾದರೆ 75 ಕಿಲೋಮೀಟರಿನ ಆಸುಪಾಸು. ನಾವು ಹೋಗುವುದು ಸುತ್ತು ದಾರಿ. ತಿರುವಲ್ಲಿಕ್ಕೇಣಿಯಿಂದ ಇಲ್ಲಿಯವರು ‘ಪರಕ್ಕುಂ ರಯಿಲ್’ ಎನ್ನುವ ಮೇಲುದಾರಿಯ ರೈಲಿನಲ್ಲಿ ಬೀಚ್ ಸ್ಟೇಷನ್ನು, ಅಲ್ಲಿಂದ ತಾಂಬರಂ, ಚೆಂಗಲ್ಪಟ್ಟು ಸುತ್ತಿಕೊಂಡು ಕಾಂಚೀಪುರಕ್ಕೆ ಹೋಗುವ ಲೋಕಲ್ಲು. ಬಸ್ಸಿಗಿಂತ ನಿಧಾನ, ನಿಜ. ಆದರೆ ಟಿಕೆಟ್ಟು ಹೋಟೆಲಿನ ಒಂದು ಕಾಫಿಗಿಂತ ಹೆಚ್ಚಲ್ಲ, ಬೀಚಿನಲ್ಲೇ ಹತ್ತಿದರೆ ಕಿಟಕಿ ಪಕ್ಕದ ಸೀಟು ಖಂಡಿತ. ಚೆಂಗಲ್ಪಟ್ಟಿನ ಹತ್ತಿರ ಕೊಳವಾಯಿ ಕೆರೆ ಕಾಣುವ ಹೊತ್ತಿಗೆ ಮಿಳಗಾಯ್ಪುಡಿ ಸವರಿದ ಇಡ್ಲಿಯ ಡಬ್ಬಿ ತೆರೆಯಬೇಕು. ಅದಕ್ಕೆ ಮೊದಲೇ ತೆರೆದರೆ ಹನ್ನೊಂದಕ್ಕೆ ಹಸಿವಾಗುತ್ತದೆ, ಬಜೆಟ್ಟು ಅಲ್ಲೇ ಕೈಕೊಡುತ್ತದೆ.

ತಮಿಳುನಾಡಿನ ದೇವಸ್ಥಾನಗಳ ಲೆಕ್ಕವೆಲ್ಲ ಒಂದೇ ಗಂಟೆಯ ಮೇಲೆ ನಿಂತಿದೆ. ಹನ್ನೆರಡು, ಹನ್ನೆರಡೂವರೆಗೆ ನಡೆ, ಅಂದರೆ ಗುಡಿಯ ಬಾಗಿಲು, ಮುಚ್ಚಿದರೆ ಮತ್ತೆ ತೆರೆಯುವುದು ನಾಲ್ಕಕ್ಕೆ. ಇದು ತಿಳಿಯದೆ ಬಂದವರು ಮುಚ್ಚಿದ ಬಾಗಿಲಿಗೆ ಕೈಮುಗಿದು ಎದುರಿನ ಹೋಟೆಲಿಗೆ ದುಡ್ಡು ಸುರಿಯುತ್ತಾರೆ. ಹಾಗಾಗಿ ನನ್ನ ಹಾಳೆಯಲ್ಲಿ ಮೊದಲು ವಿಷ್ಣುಕಾಂಚಿ. ವರದರಾಜನ ದರ್ಶನ, ಚಾವಣಿಯ ಬಂಗಾರದ ಹಲ್ಲಿ ಬೆಳ್ಳಿಯ ಹಲ್ಲಿ ಮುಟ್ಟುವುದು, ಸಿಕ್ಕರೆ ಮೆಣಸು ಜೀರಿಗೆ ಒಣಶುಂಠಿ ಹಾಕಿದ ಕೋವಿಲ್ ಇಡ್ಲಿಯ ಒಂದು ತುಂಡು. ಅತ್ತಿ ವರದ ಮಲಗಿರುವ ಅನಂತಸರಸ್ಸಿಗೂ ಒಂದು ನಮಸ್ಕಾರ. ಅತ್ತಿಮರದ ಆ ಮೂರ್ತಿ 40 ವರ್ಷಕ್ಕೊಮ್ಮೆ ನೀರಿನಿಂದ ಮೇಲೆ ಬರುತ್ತದೆ. 1979ರಲ್ಲಿ ಬಂದಿತ್ತು, 2019ರಲ್ಲಿ 48 ದಿನ ದರ್ಶನವಿತ್ತು, ಇನ್ನು 2059ಕ್ಕೆ. ಅದನ್ನೂ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ನಮ್ಮವರು ಅದನ್ನು ನೋಡಿ, “ಆ ಹೊತ್ತಿಗೆ ನಿನ್ನ ಟಿಕೆಟ್ಟೂ ಕನ್ಫರ್ಮ್ ಆಗಿರತ್ತೆ ಬಿಡು” ಎಂದರು.

ಅಲ್ಲಿಂದ ಟೌನ್ ಬಸ್ಸಿನಲ್ಲಿ ಶಿವಕಾಂಚಿಗೆ. ಈ ರಾಜ್ಯದಲ್ಲಿ 2021ರ ಮೇ ತಿಂಗಳಿನಿಂದ ಸಾಧಾರಣ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ, ನಮ್ಮವರಿಗೊಬ್ಬರಿಗೇ ಖರ್ಚು. ಮಧ್ಯಾಹ್ನಕ್ಕೆ ಮುಂಚೆ ಏಕಾಂಬರನಾಥನ ಗುಡಿಯಲ್ಲಿದ್ದು ಅನ್ನದಾನದ ಸಾಲು ಹಿಡಿಯಬೇಕು. ಸರ್ಕಾರದ ಧರ್ಮಾದಾಯ ಇಲಾಖೆಯ ಗುಡಿಗಳಲ್ಲಿ ಈ ಅನ್ನದಾನ ಶುರುವಾದದ್ದು 2002ರಲ್ಲಿ. ಶ್ರೀರಂಗ, ಪಳನಿಗಳಲ್ಲಿ ಈಗ ದಿನವಿಡೀ ಊಟ ಉಂಟು. ಬೇರೆ ಕಡೆ ಎಲೆಗಳ ಲೆಕ್ಕ ಇರುತ್ತದೆ, ತಡವಾದರೆ ಮುಗಿಯಿತು. ಅನ್ನ, ಸಾಂಬಾರು, ರಸಂ, ಮಜ್ಜಿಗೆ. ಅತ್ತೆಗೆ ಮೊದಮೊದಲು ಸಂಕೋಚ. “ನಾವು ತಿಂದ್ರೆ ಇಲ್ಲದವರಿಗೆ ಕಡಿಮೆ ಆಗಲ್ವೇನೇ?” ಎಂದಿದ್ದರು. ಒಳ್ಳೆಯ ಪ್ರಶ್ನೆಯೇ. ಊಟವಾದ ಮೇಲೆ ಅನ್ನದಾನದ ಹುಂಡಿಗೆ ಕೈಲಾದಷ್ಟು ಹಾಕಿ ಬರುವುದು ಅಂದಿನಿಂದ ನಮ್ಮ ಪದ್ಧತಿ. ಹೋಟೆಲಿಗಿಂತ ಆಗಲೂ ಅಗ್ಗ.

ಇನ್ನು ನಾಲ್ಕರವರೆಗಿನ ಹೊತ್ತು. ಇಡೀ ಯಾತ್ರೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. 1509ರಲ್ಲಿ ಕೃಷ್ಣದೇವರಾಯ ಎತ್ತಿಸಿದ ರಾಜಗೋಪುರ, ಅದರ ಮುಂದೆ ಕಲ್ಲುಕಂಬದ ಮಂಟಪ. ಯಾತ್ರಿಕರೆಲ್ಲ ಅಲ್ಲಿ ಟವೆಲು ಹಾಸಿಕೊಂಡು ಉರುಳಿರುತ್ತಾರೆ. ಕಲ್ಲು ತಂಪು, ಬಾಡಿಗೆಯಿಲ್ಲ, ಖಾಲಿ ಮಾಡಿ ಎನ್ನುವವರಿಲ್ಲ. ಯಾವ ಊರಿನ ಛತ್ರದಲ್ಲಿ ನೀರು ಚೆನ್ನಾಗಿದೆ, ಯಾವ ಬಸ್ಸು ಗುಡಿಯ ಬಾಗಿಲಿಗೇ ಹೋಗುತ್ತದೆ ಎಂಬುದೆಲ್ಲ ನನ್ನ ಡೈರಿಗೆ ಬಂದದ್ದು ಇಂಥ ಮಧ್ಯಾಹ್ನಗಳಲ್ಲಿ, ಪಕ್ಕದ ಕಂಬಕ್ಕೆ ಒರಗಿದ ಅಪರಿಚಿತ ಹೆಂಗಸರಿಂದ. ಅವರಲ್ಲಿ ಅರ್ಧ ಜನಕ್ಕೆ ಮೊಬೈಲು ನೋಡಲು ಬಾರದು, ಆದರೆ ಬಸ್ಸಿನ ನಂಬರು ಬಾಯಿಪಾಠ.

ನಾಲ್ಕರ ಮೇಲೆ ಕಾಮಾಕ್ಷಿ, ಆಮೇಲೆ ಬಿಸಿಲು ಇಳಿಯುವಾಗ ಕೈಲಾಸನಾಥ. ಅಲ್ಲಿಗೆ ಹೋಗುವ ಯಾತ್ರಿಕರು ಕಡಿಮೆ, ಕನ್ನಡಿಗರು ಮಾತ್ರ ತಪ್ಪಿಸಬಾರದು. ಪಲ್ಲವರ ರಾಜಸಿಂಹ ಕಟ್ಟಿಸಿದ ಗುಡಿ, ಮರಳುಗಲ್ಲು, 1300 ವರ್ಷ ಹಳೆಯದು. ಮುಂದಿನ ಮಂಟಪದ ಕಂಬವೊಂದರ ಮೇಲೆ ಕನ್ನಡ ಶಾಸನವಿದೆ, ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನದು. ಕಾಂಚಿಯನ್ನು ಗೆದ್ದು ಒಳಗೆ ಬಂದವನು ಈ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟನೆಂದು ಹೇಳುವ ಶಾಸನ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದು ವಿರೂಪಾಕ್ಷ ದೇವಾಲಯ. ಹಳೆಯ ಲಿಪಿ, ನನಗೆ ಓದಲು ಬಾರದು. ಕನ್ನಡವೆಂದು ಗೊತ್ತಿದ್ದರೆ ಸಾಕು, ಕಂಬ ನೆಂಟರ ಮನೆಯ ಕಂಬದ ಹಾಗೆ ಕಾಣುತ್ತದೆ. ಕಾಂಚಿಯನ್ನೇ ಗೆದ್ದವನು ಕೈಲಾಸನಾಥನ ಸೊತ್ತಿಗೆ ಕೈ ಹಾಕದೆ ಹೊರಟ. ಕಾಂಚಿಯಿಂದ ಖಾಲಿ ಕೈಯಲ್ಲಿ ಬಂದವರನ್ನು ನಮ್ಮ ನೆಂಟರ ಪೈಕಿ ನಾನಿನ್ನೂ ಕಂಡಿಲ್ಲ.

ಕಾಂಚಿಯಲ್ಲಿ ಬಜೆಟ್ಟಿಗೆ ಬರುವ ಗಂಡಾಂತರವೆಂದರೆ ರೇಷ್ಮೆ. “ನೇಯೋರ ಮನೆಗೇ ಕರ್ಕೊಂಡು ಹೋಗ್ತೀನಮ್ಮ, ಸುಮ್ನೆ ನೋಡಿ ಸಾಕು” ಎನ್ನುವ ಆಟೋದವರ ಮಾತಿಗೆ ಎಷ್ಟೋ ಯಾತ್ರೆಗಳು ಮುಳುಗಿವೆ. ನಾನು ಆಟೋ ಹತ್ತದಿರುವುದು ಬರೀ ಆಟೋ ಬಾಡಿಗೆ ಉಳಿಸುವುದಕ್ಕಲ್ಲ.

ಹಾಸನದಲ್ಲಿರುವ ನನ್ನ ತಂಗಿಗೆ ಇದೆಲ್ಲ ನಗೆಪಾಟಲು. 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳು ಯಾತ್ರೆಗೆ ಯೋಜನೆಯೆಂಬುದನ್ನೇ ಬಿಟ್ಟಿದ್ದಾಳೆ. “ಆಧಾರ್ ಕಾರ್ಡು ತೋರಿಸಿದ್ರೆ ಆಯ್ತು ಅಕ್ಕ, ಧರ್ಮಸ್ಥಳಕ್ಕೆ ಹೋಗಿ ಉಂಡು ಬಂದೆ” ಎನ್ನುತ್ತಾಳೆ, ಪಕ್ಕದ ಬೀದಿಗೆ ಹೋಗಿ ಬಂದಂತೆ. ಆ ಸೌಲಭ್ಯ ಕರ್ನಾಟಕದ ವಿಳಾಸ ಇರುವವರಿಗೆ, ನನ್ನ ಕಾರ್ಡಿನಲ್ಲಿರುವುದು ಚೆನ್ನೈ. ಇಲ್ಲಿಯ ಉಚಿತ ಬಸ್ಸು ಊರೊಳಗಿನದು. ಟೌನ್ ಬಸ್ಸಿನಿಂದ ಟೌನ್ ಬಸ್ಸಿಗೆ ಬದಲಾಯಿಸುತ್ತಾ ಎಷ್ಟು ದೂರ ಹೋಗಬಹುದೆಂದು ನಾನೂ ಒಂದು ರಾತ್ರಿ ಲೆಕ್ಕ ಹಾಕಿದ್ದುಂಟು. ನಮ್ಮವರು ಪೆನ್ಸಿಲ್ಲು ಕಿತ್ತಿಟ್ಟರು.

ತಿರುಪತಿಗೆ ಹೆಚ್ಚು ತಲೆ ಓಡಿಸಬೇಕಾಗಿಲ್ಲ. 300 ರೂಪಾಯಿಯ ಚೀಟಿ ಬೇಡವೆಂದರೆ ಸರ್ವದರ್ಶನ. ಕಾಲಿನಲ್ಲಿ ಶಕ್ತಿಯಿದ್ದರೆ ಅಲಿಪಿರಿಯ 3550 ಮೆಟ್ಟಿಲು, ಹತ್ತುವವರ ಗಂಟುಮೂಟೆಯನ್ನು ದೇವಸ್ಥಾನದವರೇ ಮೇಲೆ ಸಾಗಿಸುತ್ತಾರೆ. ಬೆಟ್ಟದ ಮೇಲೆ ಓಡಾಡಲು ಬಸ್ಸು, ತರಿಗೊಂಡ ವೆಂಗಮಾಂಬಾ ಭವನದಲ್ಲಿ ಊಟ, ಮುಡಿ ಕೊಡುವುದು, ದರ್ಶನವಾದವರಿಗೆ ಒಂದು ಲಾಡು, ಯಾವುದಕ್ಕೂ ಕಾಸಿಲ್ಲ. ಯೋಚಿಸಿದರೆ ಇದೆಲ್ಲ ಹೊಸದೇನಲ್ಲ. ತಂಜಾವೂರಿನ ಮರಾಠಾ ಅರಸರು ರಾಮೇಶ್ವರದ ದಾರಿಯುದ್ದಕ್ಕೂ ಛತ್ರ ಕಟ್ಟಿಸಿ ಅನ್ನ ಹಾಕಿಸಿದರು. ಚೆನ್ನೈನ ಸೆಂಟ್ರಲ್ ಸ್ಟೇಷನ್ನಿನ ಎದುರಿಗೇ ರಾಮಸ್ವಾಮಿ ಮೊದಲಿಯಾರರು 1888ರಲ್ಲಿ ಛತ್ರ ಎಬ್ಬಿಸಿದರು. ಇವರೆಲ್ಲ ಮನಸ್ಸಿನಲ್ಲಿಟ್ಟುಕೊಂಡದ್ದು ಕಾಸಿಲ್ಲದ ಯಾತ್ರಿಕನನ್ನು. ದಾರಿ, ಅನ್ನ, ನೆರಳು ಆಗಲೇ ಸಿದ್ಧವಿದೆ, ನಾನು ಮಾಡುವುದು ಗಂಟೆ ಹೊಂದಿಸುವ ಕೆಲಸ ಮಾತ್ರ. ನಮ್ಮ ಪುರಂದರದಾಸರು ಇದ್ದ ಹೊನ್ನನ್ನೆಲ್ಲ ಕೊಟ್ಟು ತಂಬೂರಿ ಹಿಡಿದು ಊರೂರು ತಿರುಗಿದವರು. ಅವರ ಮುಂದೆ ನನ್ನ ಸಾಸಿವೆ ಡಬ್ಬಿ ಕುಬೇರನ ಖಜಾನೆ.

ಒಂದೇ ದಿನಕ್ಕೆ ಹಲವು ಗುಡಿ ತೋರಿಸುವ ಪ್ರವಾಸಗಳು ನನಗೆ ಸೇರುವುದಿಲ್ಲ. ಇಳಿ, ಓಡು, ಕೈಮುಗಿ, ಹತ್ತು. ಆದರೂ ನ್ಯಾಯ ಹೇಳಬೇಕು. ಸರ್ಕಾರಿ ಬಸ್ಸಿನವರು 2024ರಲ್ಲಿ ಕುಂಭಕೋಣದಿಂದ ಶುರುಮಾಡಿದ ನವಗ್ರಹ ಬಸ್ಸು ಸೂರ್ಯನಾರ್ ಕೋಯಿಲಿನಿಂದ ಹಿಡಿದು ತಿರುನಳ್ಳಾರಿನ ಶನೀಶ್ವರನವರೆಗೆ ಒಂಬತ್ತೂ ಗುಡಿಗಳನ್ನು ಒಂದೇ ದಿನದಲ್ಲಿ 750 ರೂಪಾಯಿಗೆ ಸುತ್ತಿಸುತ್ತಿತ್ತು. ಆ ದರಕ್ಕೆ ನನ್ನ ಡೈರಿ ಸೋಲೊಪ್ಪಿದೆ. ಅದೇ ಕಡೆ ಹೋದಾಗ ಚಿದಂಬರದ ಹತ್ತಿರದ ಭುವನಗಿರಿಗೂ ಹೋಗಿ ಬರಬಹುದು. ಮಂತ್ರಾಲಯದ ರಾಯರು ಹುಟ್ಟಿದ ಊರು ಅದು. ಮಂತ್ರಾಲಯಕ್ಕೆ ಟಿಕೆಟ್ಟು ಸಿಗದ ವರ್ಷ ಅಲ್ಲಿಗೆ ಹೋದರೆ ರಾಯರೇನೂ ಬೇರೆಯವರಲ್ಲ.

ಉಳಿತಾಯಕ್ಕೂ ಒಂದು ಎಲ್ಲೆ ಇರಬೇಕು. ಮೊಳ ಹೂವಿಗೆ ಚೌಕಾಸಿ ಮಾಡುವುದು, ಚಪ್ಪಲಿ ಕಾಯುವ ಮುದುಕಿಗೆ ಚಿಲ್ಲರೆಯಿಲ್ಲವೆನ್ನುವುದು, ವಯಸ್ಸಾದವರನ್ನು ರಾತ್ರಿಯ ರೈಲಿನಲ್ಲಿ ಜನರಲ್ ಡಬ್ಬಿಗೆ ನೂಕುವುದು, ಇವು ಉಳಿತಾಯವಲ್ಲ, ಜಿಪುಣತನ. ಸಂಜೆಯ ಕಾಫಿಯನ್ನೂ ನಾನು ಬಿಡುವುದಿಲ್ಲ, ಅದಕ್ಕೆ ಹಾಳೆಯಲ್ಲಿ ಬೇರೆ ಸಾಲೇ ಇದೆ.

ಊರಿನಿಂದ ಕಾಂಚಿಗೆ ಬರುವವರಿಗೆ ಒಂದು ಮಾತು. ಹನ್ನೆರಡಕ್ಕೆ ನಡೆ ಮುಚ್ಚಿತೆಂದು ಬೇಜಾರಾಗಿ ಸೀರೆ ಅಂಗಡಿಗೆ ಹೋಗಬೇಡಿ, ಮಂಟಪದಲ್ಲಿ ಟವೆಲು ಹಾಸಿ. ಹೋಗಲೇಬೇಕು ಎನ್ನುವುದಾದರೆ ವಾಪಸು ಬರುವ ಟಿಕೆಟ್ಟನ್ನು ಮೊದಲೇ ತೆಗೆದು ಸೆರಗಿಗೆ ಗಂಟು ಹಾಕಿಕೊಳ್ಳಿ.