ಅಯೋನಾ ದ್ವೀಪದ ಮಠದಲ್ಲಿ ಒಂದು ದಿನ

ಕ್ಷೇತ್ರಗಳನ್ನು ನೋಡುವುದಕ್ಕೆ ಜಾತ್ರೆಯ ಕಾಲವೇ ತಕ್ಕದ್ದೆಂದು ಬಹುಮಂದಿ ಎಣಿಸುವರು. ಜನರಿಲ್ಲದಿದ್ದರೆ ಕ್ಷೇತ್ರಕ್ಕೆ ಕಳೆಯಿಲ್ಲವೆಂಬುದು ಅವರ ಮತ. ನಾವಾದರೋ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿರುವ ಅಯೋನಾ ದ್ವೀಪದ ಮಠವನ್ನು ಯಾತ್ರಿಕರೆಲ್ಲ ಹಿಂದಿರುಗಿದ ಮೇಲೆ, ನವೆಂಬರ್ ತಿಂಗಳಿನಲ್ಲಿ ನೋಡಿಬಂದೆವು. ಅಂದು ನಮಗೆ ಕಂಡುದು ಬೇಸಗೆಯ ಸಂದಣಿಯಲ್ಲಿ ಕಾಣುತ್ತಿರಲಿಲ್ಲವೆಂದೇ ನಮ್ಮ ನಂಬಿಕೆ.

ದಾರಿಯೇನೂ ಸುಲಭವಲ್ಲ. ಓಬನ್ ಪಟ್ಟಣದಿಂದ ಹಡಗಿನಲ್ಲಿ ಮಲ್ ದ್ವೀಪವನ್ನು ಸೇರಿ, ಅಲ್ಲಿಂದ ಸುಮಾರು 37 ಮೈಲಿ ಇಕ್ಕಟ್ಟಾದ ರಸ್ತೆಯಲ್ಲಿ ಬಸ್ಸಿನ ಪ್ರಯಾಣ ಮಾಡಬೇಕು. ಕೊನೆಯ ಒಂದು ಮೈಲಿ ಮತ್ತೆ ಕಡಲು. ನಾವು ಕಡವಿಗೆ ಬಂದಾಗ ಗಾಳಿಯ ರಭಸದಿಂದ ನೀರು ದಡದ ಮೇಲಕ್ಕೆ ಚಿಮ್ಮುತ್ತಿತ್ತು. “ಇಷ್ಟು ದೂರ ಬಂದು ಹಿಂದಿರುಗುವ ಹಾಗಾಯಿತಲ್ಲ” ಎಂದು ನಮ್ಮ ಮನೆಯವರು ನಿಟ್ಟುಸಿರಿಟ್ಟರು. ನಾವಿಕನೊಬ್ಬನನ್ನು ವಿಚಾರಿಸಲು, “ಕರೆದುಕೊಂಡು ಹೋಗುವುದೇನೋ ಹೋಗುತ್ತೇವೆ, ಸಂಜೆಯ ಮಾತನ್ನು ಗಾಳಿಯೇ ಹೇಳಬೇಕು” ಎಂದನು. ಹತ್ತು ನಿಮಿಷದ ಆ ಪ್ರಯಾಣದಲ್ಲಿ ನಾವು ಒಬ್ಬರೊಡನೊಬ್ಬರು ಮಾತಾಡಲಿಲ್ಲ.

ದಡದಿಂದ ಮಠಕ್ಕೆ ಕಾಲ್ನಡಿಗೆ. ನಸುಗೆಂಪು ಕಲ್ಲಿನ ಸಂನ್ಯಾಸಿನಿಯರ ಮಠವೊಂದು ಮಾಡಿಲ್ಲದೆ ದಾರಿಯಲ್ಲಿ ಪಾಳುಬಿದ್ದಿದೆ. ಕೊಲಂಬಾ ಎಂಬ ಸಂತರು ಐರ್ಲೆಂಡಿನಿಂದ ಬಂದು ಈ ದ್ವೀಪದಲ್ಲಿ ನೆಲೆನಿಂತುದು 563ರಲ್ಲಿ. ಮುಂದೆ ಸಮುದ್ರದ ದಾರಿಯಲ್ಲಿ ವೈಕಿಂಗರು ಮತ್ತೆ ಮತ್ತೆ ಬಂದು ಸುಲಿದರು; 806ರಲ್ಲಿ 68 ಮಂದಿ ಅವರ ಕತ್ತಿಗೆ ಆಹುತಿಯಾದರು. ಉಳಿದವರಲ್ಲಿ ಕೆಲವರು ಐರ್ಲೆಂಡಿನ ಕೆಲ್ಸ್ ಎಂಬಲ್ಲಿಗೆ ಹೋದರೂ ದ್ವೀಪವು ಬರಿದಾಗಲಿಲ್ಲ. ಇಂದು ಕಾಣುವ ಕಲ್ಲಿನ ಮಠಕ್ಕೆ 1200ರ ಸುಮಾರಿನಲ್ಲಿ ಬೆನೆಡಿಕ್ಟಿನ್ ಪಂಥದವರು ಅಡಿಪಾಯ ಹಾಕಿದರು. 1560ರ ಮತಸುಧಾರಣೆಯ ತರುವಾಯ ಅದೂ ಕ್ರಮೇಣ ಪಾಳಾಯಿತು.

ಮಠದ ಮುಂದೆ ಸಂತ ಮಾರ್ಟಿನ್ನನ ಶಿಲುಬೆಯು ಎಂಟನೆಯ ಶತಮಾನದಿಂದಲೂ ನಿಂತೇ ಇದೆ. ಅದರ ಸಮೀಪದ ಸಂತ ಜಾನನ ಶಿಲುಬೆಯು ಗಾಳಿಗೆ ಒಂದಕ್ಕಿಂತ ಹೆಚ್ಚು ಸಲ ಉರುಳಿದ್ದರಿಂದ ಅದರ ತುಂಡುಗಳನ್ನು ಜೋಡಿಸಿ ಒಳಗಿರಿಸಿ, ಹೊರಗೆ ಕಾಂಕ್ರೀಟಿನ ಪ್ರತಿಕೃತಿಯನ್ನು ನಿಲ್ಲಿಸಿದ್ದಾರೆ. ಇದನ್ನು ಓದಿ ತಿಳಿಯುವುದು ಬೇರೆ. ಅಲ್ಲಿಯೇ ನಿಂತು ನಮ್ಮ ಕೊಡೆಯು ಕೈಬಿಟ್ಟು ಹಾರಿಹೋದಾಗ ತಿಳಿಯುವುದು ಬೇರೆ!

ಒಳಗೆ ನಾವಿಬ್ಬರೇ ಯಾತ್ರಿಕರು. ನಮ್ಮ ಪಾದರಕ್ಷೆಗಳಿಂದ ತೊಟ್ಟಿಕ್ಕಿದ ನೀರನ್ನು ಒಬ್ಬ ವೃದ್ಧೆಯು ಒರೆಸತೊಡಗಿದಳು. ನಾವು ಸಂಕೋಚಪಡಲು ಆಕೆಯು ನಕ್ಕು, “ಬೇಸಗೆಯೆಲ್ಲ ಬಂದವರನ್ನು ನೋಡಿಕೊಳ್ಳುವುದೇ ಆಗುತ್ತದೆ. ಮನೆಯನ್ನು ನೋಡಿಕೊಳ್ಳುವುದಕ್ಕೆ ಈಗಲೇ ಬಿಡುವು” ಎಂದಳು. ಮಠವನ್ನು ಆಕೆ ಮನೆಯೆಂದು ಕರೆದುದು ನಮಗೆ ಬಹಳ ಹಿಡಿಸಿತು.

ಮನೆಯೆಂಬ ಆ ಮಾತು ಮಠದ ಈಚಿನ ಚರಿತ್ರೆಗೂ ಒಪ್ಪುವುದು. 1899ರಲ್ಲಿ ಆರ್ಗೈಲಿನ ಡ್ಯೂಕನು ಪಾಳುಗಳನ್ನು ಒಂದು ಧರ್ಮನಿಧಿಗೆ ಒಪ್ಪಿಸಿದ ಮೇಲೆ ಇಗರ್ಜಿಗೆ ಮಾಡು ಬಂದಿತು; ಆದರೆ ವಾಸದ ಕಟ್ಟಡಗಳು ಹಾಗೆಯೇ ಉಳಿದವು. ಗ್ಲಾಸ್ಗೋ ನಗರದ ಗೋವನ್ ಪೇಟೆಯಲ್ಲಿ ಪಾದ್ರಿಯಾಗಿದ್ದ ಜಾರ್ಜ್ ಮೆಕ್ಲೌಡರು ಕೆಲಸವಿಲ್ಲದ ಕುಶಲಕರ್ಮಿಗಳ ದುರವಸ್ಥೆಯನ್ನು ಕಣ್ಣಾರೆ ಕಂಡವರು. 1938ರಲ್ಲಿ ಅವರು ಅಂಥವರನ್ನೂ ಪಾದ್ರಿಗಳಾಗಲು ಓದುತ್ತಿದ್ದ ತರುಣರನ್ನೂ ಜೊತೆಯಾಗಿ ದ್ವೀಪಕ್ಕೆ ಕರೆತಂದರು. ಓದಿದವನು ಕಲ್ಲು ಹೊತ್ತನು. ಕಲ್ಲುಕುಟಿಗನು ಅವನೊಡನೆ ಪ್ರಾರ್ಥನೆಗೆ ಕುಳಿತನು. ಕಟ್ಟಡಗಳು ಮುಗಿಯುವಾಗ 1965 ಆಗಿತ್ತು.

ಪುರಾತನ ಸ್ಥಳವೊಂದು ಉಳಿದುಬರುವುದು ಅದರ ಕಲ್ಲಿನ ಬಲದಿಂದಲೆಂದು ನಾವು ಅದುವರೆಗೆ ಭಾವಿಸಿದ್ದುಂಟು. ಮಳೆಗಾಳಿಯ ಆ ದಿನ, ಯಾರೂ ನೋಡಲು ಬಾರದ ಕಾಲದಲ್ಲಿಯೂ ನೆಲವನ್ನೊರೆಸುವ ಕೈಗಳಿದ್ದರೆ ಮಾತ್ರ ಕಲ್ಲು ಉಳಿಯುವುದೆಂದು ತೋರಿತು. ಜಾತ್ರೆಯ ದಿನ ದೇವರ ರಥ ಕಾಣುವುದು. ದಿನದಿನವೂ ದೀಪಕ್ಕೆ ಎಣ್ಣೆಯೆರೆಯುವವರನ್ನು ಕಾಣಬೇಕಾದರೆ ಉಳಿದ ದಿನಗಳಲ್ಲಿಯೇ ಹೋಗಬೇಕು.

ಕತ್ತಲಾಗುವ ಮುನ್ನ ಗಾಳಿ ತಗ್ಗಿ, ನಾವಿಕರು ನಮ್ಮನ್ನು ಸುಖವಾಗಿ ದಾಟಿಸಿದರು. ವಾಚಕರಲ್ಲಿ ಯಾರಾದರೂ ಚಳಿಗಾಲದಲ್ಲಿ ಆ ಕಡೆ ಹೋಗುವುದಾದರೆ ಬೆಚ್ಚನೆಯ ಉಡುಪನ್ನೂ ಒಂದು ದಿನದ ಹೆಚ್ಚಿನ ಬಿಡುವನ್ನೂ ಇಟ್ಟುಕೊಂಡು ಹೋಗಲಿ. ಕೊಡೆಯನ್ನು ಮನೆಯಲ್ಲಿಯೇ ಬಿಡಲಿ.