ಕನಿಕರಕ್ಕೆ ಎರಡನೇ ಆರ್ಡರ್ ಇಲ್ಲ

ಸಣ್ಣ ವ್ಯಾಪಾರ ಮಾಡುವವರಿಗೆ ಈಗ ಎಲ್ಲರೂ ಕೊಡುವ ಸಲಹೆ ಒಂದೇ: 'ಇನ್‌ಸ್ಟಾಗ್ರಾಂನಲ್ಲಿ ಹಾಕಿ.' ಹಾಕುವವರು ಯಾರು, ಅವರಿಗೆ ಎಷ್ಟು ಕೊಡಬೇಕು, ಅವರು ಮಾಡಿದ ಕೆಲಸ ಹೇಗಿದೆ ಎಂದು ನೋಡುವವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪುಣೆಯಲ್ಲಿ ನನ್ನ ಅಕ್ಕ ನಡೆಸುವ ರೊಟ್ಟಿ ಮನೆಗೆ ಅಂಥ ಒಬ್ಬರನ್ನು ಹುಡುಕಿ, ಹದಿನಾಲ್ಕು ತಿಂಗಳು ಅವರ ಕೆಲಸ ನೋಡಿಕೊಂಡಿದ್ದೇನೆ. ಆ ಅನುಭವದಲ್ಲಿ ನಿಮಗೆ ಉಪಯೋಗಕ್ಕೆ ಬರುವಂಥದ್ದು ಒಂದಿಷ್ಟು ಇರಬಹುದು ಎಂದು ಬರೆಯುತ್ತಿದ್ದೇನೆ.

ಅಕ್ಕನದು ದೊಡ್ಡ ವ್ಯಾಪಾರವಲ್ಲ. ಸಿಂಹಗಡ ರಸ್ತೆಯ ಕಡೆ ಬಾಡಿಗೆಯ ಎರಡು ಕೋಣೆ, ನಾಲ್ಕು ಒಲೆ, ಅವಳೂ ಸೇರಿ ಐದು ಹೆಣ್ಣುಮಕ್ಕಳು. ಬೆಳಗಿನ ಆರಕ್ಕೆ ರೊಟ್ಟಿ ಬಡಿಯುವ ಸಪ್ಪಳ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಸುಮಾರು 500 ರೊಟ್ಟಿ ಆಗುತ್ತವೆ. ಜೋಳ ಮಾರ್ಕೆಟ್ ಯಾರ್ಡಿನಿಂದ ಬರುತ್ತದೆ. ಮಾಲ್ದಂಡಿಯೇ ಆಗಬೇಕು, ಬೇರೆಯದು ಅಕ್ಕನಿಗೆ ನಡೆಯುವುದಿಲ್ಲ. ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಗಿರಾಕಿಗಳಲ್ಲಿ ಅರ್ಧ ನಮ್ಮ ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರು, ಇನ್ನರ್ಧ ಸೊಲ್ಲಾಪುರದ ಕಡಕ್ ಭಾಕರಿ ಉಂಡು ಬೆಳೆದ ಮರಾಠಿ ಮಂದಿ. ವರ್ಷಗಟ್ಟಲೆ ಬಾಯಿಮಾತಿನಲ್ಲೇ ನಡೆಯಿತು. ಆಮೇಲೆ ಅಕ್ಕಪಕ್ಕದಲ್ಲೇ ಇನ್ನೂ ಮೂವರು ಅದೇ ವ್ಯಾಪಾರ ಶುರು ಮಾಡಿದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಘೋಷಿಸಿದ ಮೇಲಂತೂ ಜೋಳದ ರೊಟ್ಟಿಗೆ 'ಮಿಲೆಟ್ ಫ್ಲ್ಯಾಟ್‌ಬ್ರೆಡ್' ಎಂಬ ಹೆಸರೂ, ಎರಡು ಪಟ್ಟು ಬೆಲೆಯೂ ಬಂದವು. ಅಕ್ಕ ಮಾತ್ರ ಹಳೆಯ ಬೆಲೆಯಲ್ಲಿ, ಹಳೆಯ ಗಿರಾಕಿಗಳ ಜೊತೆ ಉಳಿದಿದ್ದಳು.

ಮೊದಲು ಒಂದು ಏಜೆನ್ಸಿಯವರನ್ನು ಕೇಳಿದೆವು. ತಿಂಗಳಿಗೆ 25,000 ರೂಪಾಯಿ, ಹನ್ನೆರಡು ಪೋಸ್ಟ್, ಎಂಟು ರೀಲ್, ಹಬ್ಬ ಬಂದಾಗಲೆಲ್ಲ ಶುಭಾಶಯದ ಚಿತ್ರ. ಅಕ್ಕ ಆ ಪಟ್ಟಿಯನ್ನು ಎರಡು ಸಲ ಓದಿಸಿಕೊಂಡು ಕೇಳಿದಳು: "ತಮ್ಮಾ, ದೀಪಾವಳಿ ಶುಭಾಶಯ ಹೇಳಾಕ ಇಷ್ಟ್ ರೊಕ್ಕ ಕೊಡಬೇಕೇನು?" ಪಟ್ಟಿಯಲ್ಲಿ ರೊಟ್ಟಿಯ ಮಾತೇ ಇರಲಿಲ್ಲ ಎನ್ನುವುದು ನನಗೂ ಆಗಲೇ ಎದ್ದು ಕಂಡಿತು. ಅದೇ ಪಟ್ಟಿಯನ್ನು ಸೀರೆ ಅಂಗಡಿಗೂ ಕೊಡಬಹುದಿತ್ತು, ಹಲ್ಲಿನ ಆಸ್ಪತ್ರೆಗೂ ಕೊಡಬಹುದಿತ್ತು. ವಾರಕ್ಕೆ ಮೂರು ದಿನ ಅಡುಗೆಮನೆಗೇ ಬಂದು ಕೆಲಸ ಮಾಡುವವರು ಬೇಕು ಎಂದು ತೀರ್ಮಾನಿಸಿದೆವು.

ಮೂವರು ಬಂದರು. ನನ್ನ ಕೆಲಸದಲ್ಲಿ ನೂರಾರು ಸಂದರ್ಶನ ಮಾಡಿದ್ದೇನೆ; ಆದರೆ ಕೋಡ್ ನೋಡಿ ಅಳೆಯುವ ಕಣ್ಣು ರೀಲ್ ನೋಡಿ ಅಳೆಯಲಾರದು. ಅದಕ್ಕೆ ಪ್ರಶ್ನೋತ್ತರ ಬಿಟ್ಟು ಮೂವರಿಗೂ ತಲಾ ಸಾವಿರ ರೂಪಾಯಿ ಕೊಟ್ಟು ಒಂದೊಂದು ದಿನದ ಕೆಲಸ ಕೊಟ್ಟೆವು. ಪುಕ್ಕಟೆ 'ಟೆಸ್ಟ್' ಮಾಡಿಸುವ ಪದ್ಧತಿ ಈ ಕ್ಷೇತ್ರದಲ್ಲಿ ಬಹಳ ಇದೆ. ಕೆಲಸ ಕೇಳಿ ಬಂದವರಿಂದ ದುಡಿಸಿಕೊಂಡು ಬರಿಗೈಲಿ ಕಳಿಸಿದರೆ ಅವರು ನಮ್ಮ ಬಗ್ಗೆ ಕಲಿಯುವ ಮೊದಲ ಪಾಠ ಅದೇ ಆಗುತ್ತದೆ.

ಕೆಲಸ ಎರಡು. ಅಡುಗೆಮನೆಯಲ್ಲಿ ಕೂತು ಅರ್ಧ ನಿಮಿಷದ ಒಂದು ವಿಡಿಯೊ ಮಾಡುವುದು. ಗಿರಾಕಿಗಳ ಮೂರು ಸಂದೇಶಗಳಿಗೆ ಉತ್ತರ ಬರೆಯುವುದು: ರೊಟ್ಟಿ ಮುರಿದು ಬಂದಿವೆ, ಬೆಲೆ ಜಾಸ್ತಿಯಾಯಿತು, ಸಕ್ಕರೆ ಕಾಯಿಲೆ ಇದ್ದವರು ತಿನ್ನಬಹುದೆ? ವಿಡಿಯೊದಲ್ಲಿ ಉಳಿದಿಬ್ಬರೇ ಮುಂದಿದ್ದರು. ಆದರೆ ಜತ್ತ ತಾಲ್ಲೂಕಿನಿಂದ ಬಂದ ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಕ್ಯಾಮೆರಾ ಎತ್ತುವ ಮೊದಲು ಐದೂ ಹೆಣ್ಣುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿದಳು: "ಮುಖಾ ಬಂದ್ರ ನಡೀತೈತೇನ್ರಿ?" ಇಬ್ಬರು ಬೇಡವೆಂದರು. ಅವಳು ಎಲ್ಲರದೂ ಕೈಗಳನ್ನಷ್ಟೇ ಹಿಡಿದಳು. ಮುರಿದ ರೊಟ್ಟಿಯ ದೂರಿಗೆ ಫೋಟೋ ಕಳಿಸಿ ಎಂದು ಸಾಕ್ಷಿ ಕೇಳಲಿಲ್ಲ. ಎಷ್ಟು ಮುರಿದಿವೆ ಹೇಳಿ, ಮುಂದಿನ ಸಲ ಅಷ್ಟು ಸೇರಿಸಿ ಕಳಿಸುತ್ತೇವೆ ಎಂದು ಬರೆದಳು. ಮೂರನೆಯದಕ್ಕೆ ಉತ್ತರ ಬರೆಯಲೇ ಇಲ್ಲ. "ಇದು ಡಾಕ್ಟರ್ ಹೇಳೂದ್ರಿ, ನಾವು ಹೆಂಗ ಹೇಳೂದು?" ಎಂದು ಅಕ್ಕನನ್ನು ಕೇಳಿದಳು. ಅವಳನ್ನೇ ತೆಗೆದುಕೊಂಡೆವು. ತಿಂಗಳಿಗೆ 14,000 ರೂಪಾಯಿ, ಫೋನಿನ ರೀಚಾರ್ಜ್ ಬೇರೆ, ಜಾಹೀರಾತಿಗೆ 3,000 ಬೇರೆ. ಅಜ್ಜಿ ಕಲಿಸಿದ ಕನ್ನಡ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಅಕ್ಕನಿಗೆ ಮೊದಲ ದಿನವೇ 'ಕಾಕು' ಎಂದಳು, ನನಗೆ ಕೊನೆಯವರೆಗೂ 'ಸರ್'.

ಕೆಲಸ ಶುರುವಾಗುವ ಮೊದಲು ಮೂರು ವಿಷಯ ಬರೆದಿಟ್ಟೆವು.

ಮೊದಲನೆಯದು ಕೀಲಿಕೈ. ಖಾತೆ ಅಕ್ಕನ ಸಿಮ್ ಮೇಲೆ, ಅಕ್ಕನ ಇಮೇಲ್ ಮೇಲೆ. ಹುಡುಗಿಗೆ ಪಾಸ್‌ವರ್ಡ್ ಕೊಡಲಿಲ್ಲ. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಅವಳ ಸ್ವಂತ ಲಾಗಿನ್‌ಗೆ ಕೆಲಸ ಮಾಡುವ ಅನುಮತಿ ಕೊಟ್ಟೆವು. ನನಗೆ ಗೊತ್ತಿರುವ ಒಬ್ಬರ ಬಟ್ಟೆ ಅಂಗಡಿಯಲ್ಲಿ ಖಾತೆ ತೆರೆದ ಹುಡುಗ ಕೆಲಸ ಬಿಟ್ಟು ಹೋದ. ನಂಬರ್ ಅವನದು, ನಾಲ್ಕು ವರ್ಷದ ಗಿರಾಕಿಗಳೂ ಅದರ ಜೊತೆಗೇ ಹೋದರು. ಈ ವ್ಯವಸ್ಥೆ ಅಪನಂಬಿಕೆಯಲ್ಲ. ನಾಳೆ ಏನಾದರೂ ಎಡವಟ್ಟಾದರೆ ಅನುಮಾನ ಅವಳ ಮೇಲೆ ಬಾರದಿರಲಿ ಎನ್ನುವುದೂ ಇದರಲ್ಲಿದೆ.

ಎರಡನೆಯದು ಏನು ಬರೆಯಬಾರದು ಎಂಬುದು. ಪಕ್ಕದ ವ್ಯಾಪಾರಿಗಳು 'ಮಧುಮೇಹ ದೂರ' ಎಂದು ಧಾರಾಳವಾಗಿ ಹಾಕುತ್ತಿದ್ದರು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳ ಪ್ರಕಾರ ಒಂದು ಆಹಾರ ರೋಗ ವಾಸಿ ಮಾಡುತ್ತದೆ ಎಂದು ಹೇಳುವಂತಿಲ್ಲ. 'ನೈಸರ್ಗಿಕ', 'ಸಾಂಪ್ರದಾಯಿಕ', 'ಶುದ್ಧ' ಮುಂತಾದ ಮಾತುಗಳಿಗೂ ಅಲ್ಲಿ ಷರತ್ತುಗಳಿವೆ. ಅದಕ್ಕೂ ಹಳೆಯದಾದ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹದ ಹೆಸರಿದೆ. ದುಡ್ಡೋ ಉಡುಗೊರೆಯೋ ತೆಗೆದುಕೊಂಡು ಹೊಗಳುವವರು ಅದನ್ನು ಹೇಳಿಯೇ ಹೊಗಳಬೇಕು ಎಂದು ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ಇಷ್ಟನ್ನೆಲ್ಲ ಮರಾಠಿಯಲ್ಲಿ ಅರ್ಧ ಪುಟಕ್ಕೆ ಇಳಿಸಿ ಅವಳೇ ಗೋಡೆಗೆ ಅಂಟಿಸಿದಳು.

ಮೂರನೆಯದು ಲೆಕ್ಕ. ಪ್ರತಿ ಭಾನುವಾರ ಅರ್ಧ ಗಂಟೆ, ನಾಲ್ಕೇ ಅಂಕಿ: ಹೊಸದಾಗಿ ವಿಚಾರಿಸಿದವರೆಷ್ಟು, ಅದರಲ್ಲಿ ಪುಣೆಯವರೆಷ್ಟು, ಆರ್ಡರ್ ಕೊಟ್ಟವರೆಷ್ಟು, ಎರಡನೇ ಸಲ ಕೊಟ್ಟವರೆಷ್ಟು. ಫಾಲೋವರ್‌ಗಳ ಸಂಖ್ಯೆ ಅದರಲ್ಲಿರಲಿಲ್ಲ. ಅವಳ ಮುಖ ಸಣ್ಣದಾಯಿತು. ದಿನಕ್ಕೆ 500 ರೊಟ್ಟಿ ಮಾಡುವ ಅಡುಗೆಮನೆಗೆ ಲಕ್ಷ ಜನ ನೋಡಿದರೆ ಲಾಭವೇನೂ ಇಲ್ಲ. ಆದರೆ ಅವಳ ಮುಂದಿನ ಕೆಲಸಕ್ಕೆ ಆ ಲಕ್ಷವೇ ಬಂಡವಾಳ. ಯಜಮಾನರ ಲೆಕ್ಕ ಬೇರೆ, ದುಡಿಯುವವರ ಲೆಕ್ಕ ಬೇರೆ. ಒಂದನ್ನು ತೋರಿಸಿ ಇನ್ನೊಂದು ಇಲ್ಲವೆನ್ನುವುದು ನ್ಯಾಯವಲ್ಲ. "ಅದನ್ನ ನಿನಗಾಗಿ ಬೇರೆ ಹಾಳೆಯಲ್ಲಿ ಬರೆದಿಡು, ಮುಂದೆ ಬೇಕಾಗುತ್ತೆ" ಎಂದೆ.

ನಾಲ್ಕನೇ ತಿಂಗಳಲ್ಲಿ ಒಂದು ರೀಲ್ ಓಡಿತು. ಬಿಸಿನೆಸ್ ಖಾತೆಗಳಿಗೆ ಸಿನಿಮಾ ಹಾಡುಗಳು ಹೆಚ್ಚಾಗಿ ಸಿಗುವುದಿಲ್ಲ. ಹಾಡಿಲ್ಲವಲ್ಲ ಎಂದು ಅವಳು ಐದು ಜೊತೆ ಕೈಗಳು ಒಟ್ಟಿಗೆ ರೊಟ್ಟಿ ಬಡಿಯುವ ಸಪ್ಪಳವನ್ನೇ ಇಟ್ಟಳು. ಎರಡು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ದುಬೈ, ದೆಹಲಿ, ಬೆಂಗಳೂರಿನಿಂದ ಸಂದೇಶಗಳು ಬಂದವು. ನಮ್ಮ ಊರಿನ ಸಪ್ಪಳ ಕೇಳಿ ಕಣ್ಣೀರು ಬಂತು ಎಂದು ಹಿಂಜೆವಾಡಿಯ ಒಬ್ಬರು ಬರೆದರು. ಆ ವಾರ ವಿಚಾರಿಸಿದ ಮುನ್ನೂರು ಜನರಲ್ಲಿ ನಾವು ತಲುಪಿಸಬಹುದಾದವರು ನಲವತ್ತೊಂದು. ಮೂರನೇ ದಿನ ಅವಳೇ 'ಈ ವಾರದ ರೊಟ್ಟಿ ಮುಗಿದವು' ಎಂದು ಮರಾಠಿಯಲ್ಲಿ ಬರೆದು ಹಾಕಿ ಜಾಹೀರಾತು ನಿಲ್ಲಿಸಿದಳು. ನನ್ನನ್ನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಮಳೆಗಾಲದಲ್ಲಿ. ತೇವಕ್ಕೆ ಕಡಕ್ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ. ದೂರು ಹೆಚ್ಚಾದವು, ಆರ್ಡರ್ ಇಳಿದವು. ಸತತ ಮೂರು ಭಾನುವಾರ ಅವಳ ನಾಲ್ಕೂ ಅಂಕಿಗಳು ಕೆಳಗೆ. ನಾಲ್ಕನೆಯ ಭಾನುವಾರ ಅವಳು ಹೊಸ ರೀಲ್‌ಗೆ ಸ್ಕ್ರಿಪ್ಟ್ ಬರೆದುಕೊಂಡು ಬಂದಳು. ಭಾವ ತೀರಿಕೊಂಡದ್ದು, ಚಿಕ್ಕ ಮಗನನ್ನು ಕಟ್ಟಿಕೊಂಡು ಅಕ್ಕ ಪುಣೆಗೆ ಬಂದದ್ದು, ಒಂದು ಒಲೆಯಿಂದ ಶುರು ಮಾಡಿದ್ದು. ಅಡುಗೆಮನೆಯ ಹೆಣ್ಣುಮಕ್ಕಳು ಮಾತಿನ ನಡುವೆ ಹೇಳಿದ್ದನ್ನೆಲ್ಲ ಚೆನ್ನಾಗಿ ಹೊಂದಿಸಿದ್ದಳು. ಸುಳ್ಳು ಒಂದೂ ಇರಲಿಲ್ಲ. ಅದು ಓಡುತ್ತದೆ ಎಂಬುದರಲ್ಲಿ ನನಗೆ ಸಂಶಯವೂ ಇರಲಿಲ್ಲ. ಕಣ್ಣೀರಿನ ಕತೆಗಳು ಎಷ್ಟು ಓಡುತ್ತವೆ ಎಂಬುದನ್ನು ನಾವೆಲ್ಲ ದಿನಾ ನಮ್ಮ ಫೋನಿನಲ್ಲೇ ನೋಡುತ್ತೇವೆ.

ಇದು ನಾನು ಹೌದು, ಇಲ್ಲ ಎನ್ನುವ ವಿಷಯವಲ್ಲ. ಹಾಳೆಯನ್ನು ಅಕ್ಕನಿಗೆ ಓದಿ ಹೇಳು ಎಂದೆ. ಅವಳು ಓದಿದಳು, ಕನ್ನಡಕ್ಕೆ ತಿರುಗಿಸುತ್ತ, ತಡವರಿಸುತ್ತ. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಪೂರ್ತಿ ಕೇಳಿದಳು.

"ಚಂದ ಬರದೀ ತಂಗಿ. ಖರೇನೂ ಐತಿ. ಆದ್ರ ಇದನ್ನ ನೋಡಿ ರೊಟ್ಟಿ ತಗೊಂಡಾವ್ರು ಒಮ್ಮೆ ತಗೋತಾರ. ರುಚಿ ನೋಡಿ ತಗೊಂಡಾವ್ರು ಮತ್ತ ಬರ್ತಾರ. ಕನಿಕರಕ್ಕ ಎರಡನೇ ಆರ್ಡರ್ ಇರೂದಿಲ್ಲ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದಳು: "ನನ್ನ ಮಗಾ ಕಾಲೇಜಿಗೆ ಹೋಗ್ತಾನ. ಅವನ ಗೆಳ್ಯಾರು ಇದನ್ನ ನೋಡ್ತಾರ. ಅವರಪ್ಪನ್ನ ನಾ ಮಾರಿದಂಗ ಆಗಬಾರದು."

ಹುಡುಗಿ ಅತ್ತುಬಿಟ್ಟಳು. ಅಳುತ್ತಲೇ ನಿಜ ಹೊರಬಂತು: ಅಂಕಿ ಹೀಗೇ ಇಳಿದರೆ ಆಗಸ್ಟ್‌ನಲ್ಲಿ ತನ್ನನ್ನು ತೆಗೆಯುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಹಿಂದೆ ಕೆಲಸ ಮಾಡಿದ ಕಡೆ ಹಾಗೇ ಆಗಿತ್ತಂತೆ. ಜುಲೈ ತಿಂಗಳ ಮಳೆಗೂ ನಿನ್ನ ಸಂಬಳಕ್ಕೂ ಸಂಬಂಧವಿಲ್ಲ ಎಂದು ಆಗಲೇ ಸ್ಪಷ್ಟವಾಗಿ ಹೇಳಿದೆ. ಅಂಕಿಗೂ ಅನ್ನಕ್ಕೂ ನೇರ ಗಂಟು ಹಾಕಿದರೆ, ದುಡಿಯುವವರು ಅಂಕಿ ಏರಿಸಲು ಕೈಗೆ ಸಿಕ್ಕಿದ್ದನ್ನೆಲ್ಲ ತರುತ್ತಾರೆ. ನಮ್ಮ ಸಾವು ನೋವುಗಳೂ ಅದರಲ್ಲಿ ಬರುತ್ತವೆ. ಇದಕ್ಕೆ ಅವರನ್ನು ಬೈದು ಉಪಯೋಗವಿಲ್ಲ. ಸಾಫ್ಟ್‌ವೇರ್ ಕಂಪನಿಗಳಲ್ಲೂ ವರ್ಷದ ರೇಟಿಂಗ್ ಹೊತ್ತಿಗೆ ಇದೇ ನಡೆಯುತ್ತದೆ, ಅಲ್ಲಿ ತರುವ ವಸ್ತು ಬೇರೆ ಅಷ್ಟೆ.

ದಾರಿ ತೋರಿಸಿದವಳೂ ಅಕ್ಕನೇ. ಮಳೆಗಾಲದಲ್ಲಿ ರೊಟ್ಟಿ ಮೆತ್ತಗಾಗುವುದನ್ನು ಮುಚ್ಚಿಡುವುದೇಕೆ? ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಒಂದು ನಿಮಿಷ ಇಟ್ಟರೆ ಮತ್ತೆ ಗರಿಗರಿ ಆಗುತ್ತದೆ, ಅದನ್ನೇ ತೋರಿಸು ಎಂದಳು. ಹುಡುಗಿ ತೋರಿಸಿದಳು. ಕನ್ನಡದಲ್ಲಿ ಒಂದು ಸಾಲು, ಮರಾಠಿಯಲ್ಲಿ ಒಂದು ಸಾಲು. ಕನ್ನಡದ ಸಾಲನ್ನು ನನ್ನಿಂದ ಬರೆಸಿಕೊಂಡು ಅಕ್ಷರ ಅಕ್ಷರವಾಗಿ ಟೈಪ್ ಮಾಡಿದಳು. ನೋಡಿದವರು ಎರಡು ಸಾವಿರವೂ ಆಗಲಿಲ್ಲ. ಆದರೆ ಎರಡೇ ವಾರದಲ್ಲಿ ದೂರು ಅರ್ಧಕ್ಕಿಳಿದವು, ರೊಟ್ಟಿ ಕಡಿಮೆಯಾದರೂ ಹಿಂಡಿ ಹೆಚ್ಚು ಹೋಯಿತು, ಭಾನುವಾರದ ನಾಲ್ಕನೇ ಅಂಕಿ ನಿಧಾನಕ್ಕೆ ಮೇಲೆದ್ದಿತು. ದಸರಾ ಹೊತ್ತಿಗೆ ಆರನೆಯ ಹೆಣ್ಣುಮಗಳೊಬ್ಬಳು ಕೆಲಸಕ್ಕೆ ಬಂದಳು.

ಹದಿನಾಲ್ಕನೇ ತಿಂಗಳಿಗೆ ಹುಡುಗಿಗೆ ಬಾಣೇರಿನ ಕಡೆ ಇದರ ಎರಡರಷ್ಟು ಸಂಬಳದ ಕೆಲಸ ಸಿಕ್ಕಿತು. ಬೇರೆ ಹಾಳೆಯಲ್ಲಿ ಬರೆದಿಟ್ಟ ಲೆಕ್ಕ ಸಂದರ್ಶನದಲ್ಲಿ ಉಪಯೋಗಕ್ಕೆ ಬಂತು ಎಂದು ಹೇಳಿದಳು. ಆ ರೊಟ್ಟಿ ಬಡಿಯುವ ರೀಲನ್ನೇ ಅಲ್ಲಿಯವರಿಗೆ ತೋರಿಸಿದ್ದಳಂತೆ. ಕೊನೆಯ ದಿನ ಅವಳ ಲಾಗಿನ್ ತೆಗೆಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಅಕ್ಕ ಒಂದು ಸೀರೆ, ಮೂವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಟ್ಟಳು.

ಈಗ ಮತ್ತೊಬ್ಬರನ್ನು ಹುಡುಕುತ್ತಿದ್ದೇವೆ. ಗೋಡೆಯ ಮೇಲಿನ ಅರ್ಧ ಪುಟ ಹಾಗೇ ಇದೆ, ಅದರ ಕೊನೆಗೆ ಅಕ್ಕ ಹೇಳಿ ಬರೆಸಿದ ಒಂದು ಸಾಲು ಸೇರಿದೆ: ಮನೆಯ ಮಾತು ಹಾಕಬಾರದು. ಹೊಸಬರು ಏನು ತೋರಿಸಬೇಕು, ಹೇಗೆ ತೋರಿಸಬೇಕು ಎನ್ನುವುದರಲ್ಲಿ ನಾನಾಗಲಿ ಅಕ್ಕನಾಗಲಿ ಕೈಹಾಕುವುದಿಲ್ಲ, ಅದು ಅವರಿಗೆ ಬರುವ ವಿದ್ಯೆ. ಏನನ್ನು ಮಾರುವುದಿಲ್ಲ ಎಂಬುದನ್ನು ಮಾತ್ರ ಅಂಗಡಿಯವರೇ ಮೊದಲ ದಿನ ಹೇಳಬೇಕು. ಅದನ್ನು ಸಂಬಳ ಕೊಟ್ಟು ಬೇರೆಯವರಿಂದ ಮಾಡಿಸಲು ಬರುವುದಿಲ್ಲ.